ನಯವಾದ ಅಂಚು

ಗುಬ್ಬಿಯ ಬಾಲ ಅಷ್ಟು ಮೇಲಕ್ಕೆ ನಿಮಿರಿರುವುದಿಲ್ಲ. ತಾರಸಿಯ ಮೇಲೋ ಕರೆಂಟಿನ ತಂತಿಯ ಮೇಲೋ, ಎಲ್ಲಿ ಬೇಕಾದರೂ ಹೋಗಿ ನೋಡಿ, ಯಾವ ಗುಬ್ಬಿಯೂ ಹಾಗೆ ಜಂಬದಿಂದ ಕೂತಿರುವುದಿಲ್ಲ. ಹಾಗೆ ಕೂರುವ ಗುಬ್ಬಿ ಜಗತ್ತಿನಲ್ಲಿ ಒಂದೇ ಒಂದಿತ್ತು, ಮತ್ತು ಅದನ್ನು ಬರೆದವನು ಅವನು.

ತಂಗಿಗೆ ಮಗಳು ಹುಟ್ಟಿದಾಗ ತೊಟ್ಟಿಲ ಮೇಲೆ ತೂಗುಹಾಕಲು ಒಂದು ತಗಡಿನ ಹಕ್ಕಿ ಬೇಕೆಂದು ಕೇಳಿದ್ದಳು. ಶೆಡ್ಡಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣ ಹಿಡಿದು ಬರೆಯತೊಡಗಿದ್ದ. ಬಾಲದ ಹತ್ತಿರ ಬಂದಾಗ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಗೆಳೆಯ ಏನೋ ಪೋಲಿ ಮಾತು ಹೇಳಿ ನಗಿಸಿದ. ಗೆರೆ ಮೇಲಕ್ಕೆ ಹಾರಿತು. ಅಳಿಸಲು ಬಟ್ಟೆ ಎತ್ತಿಕೊಂಡರೆ ಗೆಳೆಯ ಕೈ ಹಿಡಿದ.

"ಇರ್ಲಿ ಬಿಡೋ ಗೆರೆಯಪ್ಪ. ನಿನ್ನ ಥರಾನೇ ಇದೆ. ಬಡಕಲು ಮೈ, ಜಂಬದ ಬಾಲ."

ಗೆರೆಯಪ್ಪ ಎಂಬ ಹೆಸರನ್ನು ಇಟ್ಟವನು ದಡಿಯ. ದಡಿಯ ಎಂಬ ಹೆಸರನ್ನು ಇಟ್ಟವನು ಗೆರೆಯಪ್ಪ. ಇಬ್ಬರೂ ವೆಲ್ಡಿಂಗ್ ಕಲಿಯುವಾಗಿನಿಂದ ಜೊತೆ. ಆಮೇಲೆ ದಡಿಯ ಗೆರೆಯಪ್ಪನ ತಂಗಿಯನ್ನು ಮದುವೆಯಾದ. ಹೀಗಾಗಿ ಸಿಟ್ಟು ಬಂದಾಗ "ಲೋ", ಕೆಲಸ ಆಗಬೇಕಾದಾಗ "ಭಾವಾ", ಉಳಿದಂತೆ ಗೆರೆಯಪ್ಪ. ಬೇರೆ ಯಾರೂ ಆ ಹೆಸರು ಹಿಡಿದು ಕರೆದವರಲ್ಲ. ದಡಿಯ ಬರುವುದು ನಿಂತ ಮೇಲೆ ಆ ಹೆಸರನ್ನು ಕಿವಿಯಲ್ಲಿ ಕೇಳಿದ್ದೇ ಇಲ್ಲ.

ಆ ಬಾಲ ಈಗ ಊರಿನ ಗ್ರಂಥಾಲಯದ ಹೊಸ ಗೇಟಿನ ತುಂಬ ಕೂತಿತ್ತು. ಆಳೆತ್ತರದ ಎರಡು ಬಾಗಿಲು, ಕೊಂಬೆ ಕೊಂಬೆಗೂ ಜಂಬದ ಗುಬ್ಬಿ. ಉದ್ಘಾಟನೆಯ ದಿನ ಗೆರೆಯಪ್ಪ ರಸ್ತೆಯ ಈಚೆ ಬದಿಯ ಬಸ್ ನಿಲ್ದಾಣದಲ್ಲಿ, ಯಾವ ಬಸ್ಸಿಗೂ ಕೈ ಮಾಡದೆ ನಿಂತು ನೋಡಿದ. ದಡಿಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಮುಂದೆ ನಿಂತಿದ್ದ. ಯಾರೋ ಫೋಟೊ ತೆಗೆದರು. ಯಾರೋ ಮೈಕು ಕೊಟ್ಟರು. "ಎಲ್ಲಾ ನಮ್ಮ ಶೆಡ್ಡಿನ ಕೆಲಸ" ಎಂದ ದಡಿಯ, ಬೆವರು ಒರೆಸಿಕೊಳ್ಳುತ್ತ. ಮುಂದೆ ಏನೋ ಹೇಳಿದ. ಅಷ್ಟರಲ್ಲಿ ಒಂದು ಬಸ್ಸು ಅಡ್ಡ ನಿಂತು, ಉಳಿದದ್ದು ಇಂಜಿನ್ನಿನ ಸದ್ದಿನಲ್ಲಿ ಹೋಯಿತು. ಕೇಳಿಸಿಕೊಳ್ಳಬೇಕೆಂದು ಗೆರೆಯಪ್ಪನಿಗೆ ಅನ್ನಿಸಲೂ ಇಲ್ಲ.

ಮನೆಗೆ ನಡೆದುಕೊಂಡು ಬಂದ. ಮನೆ ಎಂದರೆ ಅವನ ಶೆಡ್ಡಿನ ಹಿಂದಿನ ಒಂದು ಕೋಣೆ. ಅನ್ನದ ಪಾತ್ರೆಯ ಮುಂದೆ ನಿಂತುಕೊಂಡೇ ಉಂಡು, ಪಾತ್ರೆ ತೊಳೆದು ಬೋರಲು ಹಾಕಿದ. ಆಗ ತನಗೆ ಏನು ಬೇಕೆಂಬುದು, ಗೆರೆ ಎಳೆದಷ್ಟು ಸ್ಪಷ್ಟವಾಗಿ ಗೊತ್ತಾಯಿತು. ದಡಿಯನ ಶೆಡ್ಡು ಸುಡಬೇಕು.

ಅದು ಕಾಲುವೆಯ ಆಚೆ ಇರುವ ದೊಡ್ಡ ಶೆಡ್ಡು. ದಡಿಯ ಅದನ್ನು ನೋಡಿ ಬಂದ ದಿನ ಮಗುವಿನ ಹಾಗೆ ಕುಣಿದಿದ್ದ. "ಬಾರೋ, ಅಲ್ಲಿ ಲಾರಿಯನ್ನೇ ಒಳಗೆ ತರಬಹುದು. ಇಬ್ರೂ ಹೋಗೋಣ." ಗೆರೆಯಪ್ಪ ತಲೆ ಎತ್ತದೆ, "ನಾನ್ಯಾಕೆ? ನಿನ್ನ ಕೈಕೆಳಗೆ ಕೆಲಸ ಮಾಡೋಕಾ?" ಎಂದಿದ್ದ. ಹಾಗೆಂದದ್ದು ಇನ್ನೊಂದು ಸಲ ಕರೆಯಲಿ ಎಂದು. ಮದುವೆಮನೆಯಲ್ಲಿ ಬಡಿಸುವವರಿಗೆ ಸಾಕು ಸಾಕು ಎಂದು ಕೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ದಡಿಯನ ಮುಖ ಸಣ್ಣಗಾಯಿತು. "ನಿನ್ನಿಷ್ಟ" ಎಂದ. ಮತ್ತೆ ಕರೆಯಲಿಲ್ಲ. ಕರೆದಿದ್ದರೆ ಗೆರೆಯಪ್ಪ ಉಟ್ಟ ಬಟ್ಟೆಯಲ್ಲೇ ಹೊರಟುಬಿಡುತ್ತಿದ್ದ.

ಉಳಿದದ್ದು ಹಳೆಯ ಶೆಡ್ಡು, ಹಳೆಯ ಪ್ಲಾಸ್ಮಾ ಟೇಬಲ್ಲು. ಮಂಚದಷ್ಟು ಅಗಲದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಓಡಾಡುವ ಟಾರ್ಚು. ಕಂಪ್ಯೂಟರಿನಲ್ಲಿ ಬರೆದ ಗೆರೆಯ ಮೇಲೆ ಟಾರ್ಚು ತಾನೇ ನಡೆದು, ಸಣ್ಣ ಮಿಂಚಿನಂಥ ಉರಿಯಲ್ಲಿ ಶೀಟನ್ನು ಕೊಯ್ಯುತ್ತದೆ. ಅದನ್ನು ಅವರಿಬ್ಬರೇ ಕಟ್ಟಿದ್ದು. ಮೋಟಾರು ಎಲ್ಲಿಯದೋ, ಹಳಿ ಎಲ್ಲಿಯದೋ. ವಯರುಗಳಿಗೆ ಬಣ್ಣ ಸಾಲದೆ ತಂಗಿಯ ಉಗುರುಬಣ್ಣದಿಂದ ಗುರುತು ಹಾಕಿದ್ದರು. ಮೊದಲ ಸಲ ಅದು ಒಂದು ಸರಿಯಾದ ವೃತ್ತ ಕೊಯ್ದಾಗ ದಡಿಯ ಆ ಬಿಸಿ ಬಿಲ್ಲೆಯನ್ನು ಇಕ್ಕುಳದಲ್ಲಿ ಹಿಡಿದು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದ. ಕೈಗೆ ಸಿಕ್ಕಿದ್ದನ್ನೆಲ್ಲ ಅಂಗಿಯ ಜೇಬಿಗೆ ತುರುಕುವುದು ಅವನ ಚಾಳಿ: ಬೋಲ್ಟು, ಸೀಮೆಸುಣ್ಣ, ಸವೆದ ನಾಝಲ್ಲು. "ಅಣ್ಣ, ನಿನ್ನ ಗೆಳೆಯನಿಗೆ ಬುದ್ಧಿ ಹೇಳು. ಬಟ್ಟೆ ಒಗೆಯೋ ಮೆಷಿನ್ನಲ್ಲಿ ದಿನಾ ಗಣಗಣ ಅಂತದೆ, ಯಾವುದೋ ಎತ್ತಿನಗಾಡಿ ಹೋದಂಗೆ" ಎಂದು ತಂಗಿ ಫೋನಿನಲ್ಲಿ ದೂರು ಹೇಳುತ್ತಿದ್ದಳು. ಆಮೇಲೆ ಆ ಫೋನುಗಳೂ "ಊಟ ಆಯ್ತಾ ಅಣ್ಣ?", "ಹ್ಞೂಂ ಆಯ್ತು" ಎಂಬಷ್ಟಕ್ಕೆ ಬಂದು ನಿಂತವು. ಈಗೀಗ ಅವನು ಫೋನ್ ಎತ್ತುವುದನ್ನೂ ಬಿಟ್ಟಿದ್ದ.

ಶೆಡ್ಡಿನಲ್ಲಿ ಎರಡು ಸ್ಟೂಲುಗಳಿದ್ದವು. ಎರಡನೆಯದು ಖಾಲಿ ಕಾಣಬಾರದೆಂದು ಅದರ ಮೇಲೆ ವೆಲ್ಡಿಂಗ್ ಮಾಸ್ಕನ್ನು ಕೂರಿಸಿದ್ದ. ಕೆಲವು ಸಲ ಮಾತೂ ಆಡಿಸುತ್ತಿದ್ದ. "ಏನಂತೀಯ?" ಎಂದರೆ ಮಾಸ್ಕು ಏನೂ ಅನ್ನುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯ ಜೊತೆ.

ಬೆಂಕಿಯ ವಿಷಯದಲ್ಲಿ ಅವನಿಗೆ ಯೋಚನೆ ಹೆಚ್ಚು ಬೇಕಾಗಲಿಲ್ಲ. ಕಬ್ಬಿಣ ಕೊಯ್ಯುವ ಎಲ್ಲರಿಗೂ ಗೊತ್ತಿರುವ ಭಯವೊಂದಿದೆ: ಟೇಬಲ್ಲಿನ ಕೆಳಗೆ ಕಿಡಿ ನಿದ್ದೆ ಮಾಡುತ್ತದೆ. ಬೆಳಿಗ್ಗೆ ಉದುರಿದ ಕೆಂಡದಂಥ ಚೂರು ಕಸದ ನಡುವೆ ಮಿಣ್ಣಗೆ ಕೂತಿದ್ದು, ಬಾಗಿಲು ಹಾಕಿಕೊಂಡು ಎಲ್ಲರೂ ಹೋದ ಮೇಲೆ ಎದ್ದು ಕೂರುತ್ತದೆ. ಗೆರೆಯಪ್ಪನ ಟೇಬಲ್ಲಿನ ಕೆಳಗೆ ನೀರು ತುಂಬಿದ ತಟ್ಟೆಯಿತ್ತು. ದಡಿಯನ ಹೊಸ ಟೇಬಲ್ಲು ದೊಡ್ಡದು, ಆದರೆ ಒಣದು. ವಾರದ ಅರ್ಧ ದಿನ ರಜೆಯಿದ್ದಾಗ ಅಲ್ಲಿ ಊಟದ ಹೊತ್ತಿನವರೆಗೆ ಕೊಯ್ದು, ಎಲ್ಲರೂ ಮನೆಗೆ ಹೋಗುತ್ತಿದ್ದರು. ದಡಿಯನೂ ಮನೆಯಲ್ಲಿ ಉಂಡು ಮಲಗಿ ಗೊರಕೆ ಹೊಡೆಯುತ್ತಿದ್ದ. ಶೆಡ್ಡಿನಲ್ಲಿ ನೊಣವೂ ಇರುವುದಿಲ್ಲ. ಆ ಮಧ್ಯಾಹ್ನ ಬೆಂಕಿ ಎದ್ದರೆ ತಪ್ಪು ಕಿಡಿಯದು, ಮತ್ತು ಕೆಳಗೆ ಗುಡಿಸದೆ ಹೋದ ದಡಿಯನದು. ಇನ್ನು ಒಳಗೆ ಹೋಗುವುದು. ಹಿಂದಿನ ಬಾಗಿಲಿಗೆ ಬೀಗ ಹಾಕುವುದು ದಡಿಯನ ಜಾಯಮಾನದಲ್ಲೇ ಇರಲಿಲ್ಲ. ಕಳ್ಳ ಬಂದರೆ ಬಾಗಿಲು ಮುರಿಯದಿರಲಿ ಎನ್ನುತ್ತಿದ್ದ.

ಆದರೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಬ್ಬಳ ಅಣ್ಣ, ಅವಳ ಗಂಡ, ಇಬ್ಬರ ಮುರಿದ ಜೊತೆ. ಕೇಳದಿದ್ದರೆ ಅವರು ಪೊಲೀಸರೇ ಅಲ್ಲ. ಅದಕ್ಕೆ ಉತ್ತರ ಬೇಕಿತ್ತು. ಸಾಕ್ಷಿ ಹೇಳಲು ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಒಟ್ಟಿಗೆ ಟೀ ಕುಡಿಯುವವರಿಲ್ಲ. ಹಾಗೆ ನೋಡಿದರೆ ತಾನು ಬದುಕಿದ್ದೇನೆಂದು ಹೇಳಲಿಕ್ಕೂ ಅವನಿಗೆ ಸಾಕ್ಷಿಯಿರಲಿಲ್ಲ. ಇದ್ದದ್ದು ಮೆಷಿನ್ನಿನ ಸದ್ದು ಒಂದೇ.

ಆ ಸದ್ದು ಬೀದಿಗೆಲ್ಲ ಗೊತ್ತು. ಎದುರುಮನೆಯ ಟೈಲರಮ್ಮನಿಗಂತೂ ಅದು ನಿತ್ಯದ ಜಗಳ. "ಏನಪ್ಪಾ, ನಿನ್ನ ಮೆಷಿನ್ನಿಗೆ ಹೊಟ್ಟೆನೋವಾ? ಬೆಳಗಾದ್ರೆ ಕಿರ್ರೋ ಅಂತದೆ. ನನ್ನ ಹೊಲಿಗೆ ಮೆಷಿನ್ ನೋಡು, ಎಷ್ಟು ಸಂಭಾವಿತ!" ಸದ್ದು ಕೇಳಿದರೆ ಗೆರೆಯಪ್ಪ ಒಳಗಿದ್ದಾನೆ ಎಂದು ಬೀದಿಯ ಲೆಕ್ಕ. ಟಾರ್ಚು ತಾನಾಗಿಯೇ ನಡೆಯುತ್ತದೆ ಎಂಬುದನ್ನು ಯಾರೂ ಯೋಚಿಸಿದವರಲ್ಲ. ಅವರ ಕಣ್ಣಿಗೆ ಅದು ಗರಗಸದ ಹಾಗೆ, ಕೈಯಿದ್ದರೆ ಮಾತ್ರ ಓಡುವಂಥದ್ದು.

ಒಂದು ಮೆಟ್ಟಿಲ ಪಕ್ಕಕ್ಕೆ ಹಾಕುವ ಜಾಲರಿ ಮಾಡಿಕೊಡಬೇಕಿತ್ತು. ಅದಕ್ಕೆ ಎಲೆಯ ಚಿತ್ತಾರ ಬರೆದ. ಸಣ್ಣ ಸಣ್ಣ ಎಲೆಗಳು, ಶೀಟಿನ ತುಂಬ. ಬೇಕೆಂದೇ ಒತ್ತೊತ್ತಾಗಿ ಬರೆದ, ಊಟದ ಹೊತ್ತಿಗೆ ಶುರುವಾದರೆ ಬಿಸಿಲು ಇಳಿಯುವವರೆಗೆ ಸದ್ದು ನಿಲ್ಲದಷ್ಟು. ಕೊಯ್ದ ಚೂರು ಮಗುಚಿಕೊಂಡು ಟಾರ್ಚಿಗೆ ಬಡಿದರೆ ಮೆಷಿನ್ನು ನಿಂತುಬಿಡುತ್ತದೆ. ಅದಕ್ಕಾಗಿ ಒಂದೊಂದು ಎಲೆಯಲ್ಲೂ ಕೂದಲೆಳೆಯಷ್ಟು ಜಾಗ ಕೊಯ್ಯದೆ ಬಿಟ್ಟ. ಆಮೇಲೆ ಸುತ್ತಿಗೆಯಿಂದ ತಟ್ಟಿ ಉದುರಿಸಿದರಾಯಿತು. ಟಾರ್ಚಿಗೆ ಹೋಗುವ ಗಾಳಿಯಲ್ಲಿ ನೀರಿನ ಪಸೆ ಇದ್ದರೆ ಕೊಯ್ತ ಕೆಡುತ್ತದೆಂದು ಕಂಪ್ರೆಸರಿನ ನೀರು ಇಳಿಸಿದ, ಫಿಲ್ಟರು ಬದಲಾಯಿಸಿದ.

ಒಂದು ಕೊರತೆ ಮಾತ್ರ ಉಳಿಯಿತು. ಟಾರ್ಚಿನ ತುದಿಯಲ್ಲಿ ಬೆರಳ ತುದಿಯಷ್ಟು ತಾಮ್ರದ ಮೂತಿ, ಅದೇ ನಾಝಲ್ಲು. ಒಂದೊಂದು ತೂತು ಶುರುವಾದಾಗಲೂ ಅದು ಒಂದಿಷ್ಟು ಸವೆಯುತ್ತದೆ. ಸವೆದರೆ ಅಂಚು ಓರೆಯಾಗಿ, ಕೆಳಗೆ ಕಿಟ್ಟ ಕಟ್ಟುತ್ತದೆ. ಟಾರ್ಚಿನ ಸದ್ದೂ ಗಂಟಲು ಕಟ್ಟಿದ ಹಾಗೆ ಒರಟಾಗುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಈ ಕೆಲಸ ಮಾಡುವವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಅಳುವ ಮಗುವನ್ನು ಬಿಟ್ಟು ಕೂತಿರಬಹುದು, ಸವೆದ ನಾಝಲ್ಲಿನ ಸದ್ದು ಕೇಳಿಕೊಂಡು ಕೂರಲಿಕ್ಕಾಗುವುದಿಲ್ಲ. ಇಷ್ಟು ಎಲೆಗಳಿಗೆ ಒಂದು ನಾಝಲ್ಲು ಸಾಲದು. ನಡುವೆ ಬದಲಾಯಿಸಲು ಅವನು ಇರುವುದಿಲ್ಲ. ಕೊನೆಯ ಸಾಲುಗಳು ಕೆಡುತ್ತವೆ. ಕೆಡಲಿ, ಬಂದ ಮೇಲೆ ಗ್ರೈಂಡರು ಹಿಡಿದು ಸರಿಮಾಡಿದರಾಯಿತು ಎಂದುಕೊಂಡ. ಶೆಡ್ಡಿಗೆ ಬೆಂಕಿ ಇಡುವುದಕ್ಕೆ ಆಗದ ಸಂಕಟ, ಬೇಕೆಂದೇ ಕೆಟ್ಟ ಅಂಚು ಬಿಡುವುದಕ್ಕೆ ಆಯಿತು.

ಆ ದಿನ ಮುಂದಿನ ಶಟರನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿದ. ಕೊಯ್ಯುವಾಗ ಕಣ್ಣು ಕೋರೈಸಬಾರದೆಂದು ಅವನು ಯಾವಾಗಲೂ ಹಾಗೆಯೇ ಇಳಿಸುತ್ತಿದ್ದ. ಟೈಲರಮ್ಮ ನೋಡುವಂತೆ ಒಂದು ಸಲ ಹೊರಗೆ ಬಂದು ಬೆನ್ನು ನೀವಿಕೊಂಡ.

"ಇವತ್ತೂ ಶುರುನಾ? ರಜಾ ಇಲ್ವಾ ನಿಂಗೆ?"

"ನಂಗ್ಯಾವ ರಜಾ ಅಮ್ಮಾ? ದೊಡ್ಡ ಜಾಲರಿ ಇದೆ. ಕತ್ತಲಾಗೋವರೆಗೂ ನಂಗೆ ಶಾಪ ಹಾಕ್ತಿರಿ."

"ಹಾಕ್ತೀನಿ, ಅದಕ್ಕೇನು ಬರ!" ಎಂದು ಅವಳು ಬೀದಿಗೆ ಬೆನ್ನು ಮಾಡಿ ಹೊಲಿಯಲು ಕೂತಳು.

ಹೊಸ ನಾಝಲ್ಲು ಹಾಕಿ ಗುಂಡಿ ಒತ್ತಿದ. ಮೊದಲ ಎಲೆ, ಎರಡನೆಯ ಎಲೆ, ಅಂಚು ಬೆಣ್ಣೆಯ ಹಾಗೆ. ಫೋನನ್ನು ಕೆಲಸದ ಬೆಂಚಿನ ಮೇಲಿಟ್ಟ. ಅದು ಶೆಡ್ಡಿನಲ್ಲೇ ಇರಬೇಕು. ಮಾಸ್ಕು ಸ್ಟೂಲಿನ ಮೇಲೆ ಕೂತು ನೋಡುತ್ತಿತ್ತು. "ನೋಡ್ಕೋ" ಎಂದು ಅದಕ್ಕೆ ಹೇಳಿ ಹಿಂದಿನ ಬಾಗಿಲಿನಿಂದ ಹೊರಟ. ಬಾಗಿಲನ್ನು ಸುಮ್ಮನೆ ಎಳೆದುಕೊಂಡ, ಅಗುಳಿ ಹಾಕಲಿಲ್ಲ. ಆ ಬಾಗಿಲಿನಿಂದ ಬರುವ ಅಭ್ಯಾಸವಿದ್ದವನು ಒಬ್ಬನೇ, ಅವನು ಬಂದು ಯಾವ ಕಾಲವಾಯಿತೋ.

ಗೋದಾಮುಗಳ ಬೆನ್ನಿಗೆ ಅಂಟಿಕೊಂಡು ಕಾಲುವೆಯ ದಾರಿ. ಬಿಸಿಲಿಗೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಬಹಳ ದೂರದವರೆಗೂ ಮೆಷಿನ್ನಿನ ಸದ್ದು ಬೆನ್ನ ಹಿಂದೆ ಬಂತು. ತಾನೇ ಒಳಗೆ ಕೆಲಸ ಮಾಡುತ್ತಿರುವಂತೆ, ಈ ನಡೆಯುತ್ತಿರುವವನು ಇನ್ನು ಯಾರೋ ಎಂಬಂತೆ ಅನಿಸಿತು. ಅದೇನೂ ಹೊಸದಲ್ಲ. ಎಷ್ಟೋ ದಿನ ಅವನು ಹಾಗೆಯೇ ಬದುಕಿದ್ದ.

ದಡಿಯನ ಶೆಡ್ಡಿನ ಹಿಂದಿನ ಬಾಗಿಲು ತಳ್ಳಿದೊಡನೆ ತೆರೆಯಿತು. ಒಳಗೆ ಕಬ್ಬಿಣ ತಣಿಯುವ ವಾಸನೆ. ಬೇಕಾದದ್ದನ್ನು ಮಾತ್ರ ನೋಡಿದ. ಗೋಡೆಯ ಕಡೆ ಕಣ್ಣು ಹಾಯಿಸಲಿಲ್ಲ; ಅಲ್ಲಿ ಗ್ರಂಥಾಲಯದ ಗೇಟಿನ ಫೋಟೊ ಇರುತ್ತದೆಂದು ಗೊತ್ತಿತ್ತು. ಕಿಡಿ ಮಾಡಬಹುದಾದ ಕೆಲಸವನ್ನು ಕಿಡಿ ಮಾಡುವ ಜಾಗದಲ್ಲೇ ಮಾಡಿ, ಬಂದ ದಾರಿಯಲ್ಲೇ ಹೊರಟ. ಓಡಲಿಲ್ಲ. ಕಾಲುವೆಯ ತಿರುವಿನಲ್ಲಿ ಒಂದೇ ಒಂದು ಸಲ ಹಿಂದೆ ನೋಡಿದ. ತಗಡಿನ ಮಾಡಿನ ಸಂದಿಯಲ್ಲಿ ಸೊಳ್ಳೆಬತ್ತಿಯಷ್ಟು ಹೊಗೆ. ಮನಸ್ಸಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಾಯಿ ಒಣಗಿತು, ಅಷ್ಟೆ. ಅದೊಂದನ್ನು ಮಾತ್ರ ಅವನು ಯೋಜನೆಯಲ್ಲಿ ಬರೆದಿರಲಿಲ್ಲ.

ಬಾಯಾರಿಕೆಗೋ ಕಾಲಿನ ಸೋಲಿಗೋ, ನಡುವೆ ಮರದಡಿ ಕೂತ. ಶೆಡ್ಡಿಗೆ ಮರಳುವಷ್ಟರಲ್ಲಿ ಊರಿನ ಆ ಬದಿಯಲ್ಲಿ ಅಗ್ನಿಶಾಮಕದ ಗಂಟೆ ಕೇಳಿ, ನಿಂತೂ ಹೋಗಿತ್ತು. ಮೆಷಿನ್ನು ಇನ್ನೂ ಕೊಯ್ಯುತ್ತಿತ್ತು. ಕೊನೆಯ ಸಾಲಿನ ಎಲೆಗಳು. ಅವನು ನಿಂತು ನೋಡಿದ. ಕೈ ತೊಳೆದುಕೊಂಡ. ಟಾರ್ಚು ಹೊರಟ ಮೂಲೆಗೆ ಮರಳಿ ಬೀಪ್ ಎಂದಿತು. ಇಡೀ ದಿನದಲ್ಲಿ "ಮುಗೀತು" ಎಂದು ಅವನಿಗೆ ಹೇಳುವುದು ಅದೊಂದೇ.

ಅಂಚಿಗೆ ಬೆರಳಾಡಿಸಿದವನಿಗೆ ಆಶ್ಚರ್ಯವಾಯಿತು. ಮೊದಲ ಎಲೆಯಷ್ಟೇ ಕೊನೆಯ ಎಲೆಯೂ ನಯ. ನಡುವೆ ಕೆಲವು ಎಲೆಗಳಲ್ಲಿ ಮಾತ್ರ ಸ್ವಲ್ಪ ತರಕಲು. ಕೊನೆಯಲ್ಲಿ ಕಿಟ್ಟವೆಂಬುದೇ ಇಲ್ಲ. ಗ್ರೈಂಡರು ಮುಟ್ಟುವುದೇ ಬೇಕಾಗಲಿಲ್ಲ. ಒಣಗಾಳಿ ಎಂದುಕೊಂಡ. ಫಿಲ್ಟರು ಬದಲಾಯಿಸಿದ್ದು ಎಷ್ಟು ಒಳ್ಳೆಯದಾಯಿತು! ನಾಝಲ್ಲಿಗೂ ಇವತ್ತು ತನ್ನ ಮೇಲೆ ಕನಿಕರ ಬಂದಿದೆ. ಟೇಬಲ್ಲಿನ ಅಂಚಿನಲ್ಲಿದ್ದ ಮಾಸ್ಕನ್ನು ಎತ್ತಿ ಕತ್ತಿಗೆ ನೇತುಹಾಕಿಕೊಂಡು, ಶಟರು ಸರಿಸಿ ಹೊರಗೆ ಬಂದು, ಟೈಲರಮ್ಮನ ಕಣ್ಣಿಗೆ ಬೀಳುವಂತೆ ಮೈಮುರಿದ.

ಫೋನಿನಲ್ಲಿ ತಂಗಿಯ ಒಂದು ಕರೆ ಬಂದು ಹೋಗಿತ್ತು. ಬೆಂಕಿಯ ಸುದ್ದಿ ಹೇಳಲು ಮಾಡಿರಬೇಕು. ಎಷ್ಟು ಹೊತ್ತಿನದು ಎಂದು ನೋಡಲಿಲ್ಲ. ಮೆಷಿನ್ನಿನ ಸದ್ದಿಗೆ ಕೇಳಿಸಲಿಲ್ಲ ಎಂದರಾಯಿತು. ಅದೂ ಒಂದು ಸಾಕ್ಷಿಯೇ.

ಮರುದಿನ ಬೆಳಿಗ್ಗೆ ಪೊಲೀಸ್ ಅಧಿಕಾರಿ ಬಂದರು. ಬಡಕಲು ಮನುಷ್ಯ, ಗಂಟಲು ಕೆಟ್ಟಿತ್ತು, ಬಾಯಲ್ಲಿ ಕೆಮ್ಮಿನ ಮಾತ್ರೆ. ಜೊತೆಗೆ ದಡಿಯ. ಅವನನ್ನು ಗೆರೆಯಪ್ಪ ನಿರೀಕ್ಷಿಸಿರಲಿಲ್ಲ. ದಡಿಯನ ಎರಡೂ ಕೈಗಳಿಗೆ ಬೆರಳು ಕಾಣದಷ್ಟು ದಪ್ಪ ಬ್ಯಾಂಡೇಜು. ಮೈಮೇಲೆ ನಿನ್ನೆಯದೇ ಅಂಗಿ, ಹೊಗೆಯ ವಾಸನೆ. ಇಷ್ಟು ಕಾಲದ ಮೇಲೆ ಎದುರಿಗೆ ನಿಂತವನ ಹೊಟ್ಟೆ ಕರಗಿದೆ, ಕೂದಲು ಹಣ್ಣಾಗಿದೆ ಎಂಬುದನ್ನೇ ಗೆರೆಯಪ್ಪ ಮೊದಲು ನೋಡಿದ.

"ಕೈಗೆ ಏನಾಯ್ತು?" ಎಂದು ಬಾಯಿಂದ ಹೊರಟೇಬಿಟ್ಟಿತು.

ಉತ್ತರ ಹೇಳಿದವರು ಅಧಿಕಾರಿ. "ಉರಿಯೋ ಶೆಡ್ಡಿಗೆ ನುಗ್ಗಿದಾರೆ ಇವರು. ಯಾತಕ್ಕೆ ಅಂತೀರಿ? ಗೋಡೆ ಮೇಲೆ ನೇತುಹಾಕಿದ್ದ ಒಂದು ತಗಡಿನ ಗುಬ್ಬಿಗೆ! ಮಗಳ ತೊಟ್ಟಿಲದ್ದಂತೆ. ಹುಚ್ಚಲ್ವಾ?"

ದಡಿಯ ನೆಲ ನೋಡುತ್ತಿದ್ದ. ಗೆರೆಯಪ್ಪನಿಗೆ ಎದೆಯಲ್ಲಿ ಏನೋ ಒಂದು ಕಳಚಿಕೊಂಡಿತು. ಆದರೆ ಯೋಜನೆ ಹಳಿಯ ಮೇಲೆ ಓಡುತ್ತಿತ್ತು, ಅದನ್ನು ನಿಲ್ಲಿಸುವ ಗುಂಡಿ ಅವನಿಗೆ ಗೊತ್ತಿರಲಿಲ್ಲ.

"ಸುಮ್ನೆ ಕೇಳೋದು ಅಷ್ಟೆ" ಎಂದರು ಅಧಿಕಾರಿ. "ಹೊರಡೋ ಮುಂಚೆ ಟೇಬಲ್ ಕೆಳಗೆಲ್ಲಾ ಗುಡಿಸಿ ನೀರು ಹೊಡೆದಿದ್ವಿ ಅಂತ ಕೆಲಸದವರು ಹೇಳ್ತಿದಾರೆ. ಅದಕ್ಕೇ. ನಿನ್ನೆ ಮಧ್ಯಾಹ್ನ ನೀವು ಎಲ್ಲಿದ್ರಿ?"

"ಇಲ್ಲೇ ಸಾರ್. ಇನ್ನೆಲ್ಲಿಗೆ ಹೋಗ್ಲಿ? ನಂಗ್ಯಾರಿದಾರೆ?" ಗೋಡೆಗೆ ಒರಗಿಸಿದ್ದ ಜಾಲರಿ ತೋರಿಸಿದ. "ಇದನ್ನ ಕೊಯ್ತಿದ್ದೆ. ಊಟ ಆದಾಗಿಂದ ಬಿಸಿಲು ಇಳಿಯೋವರೆಗೂ."

ಆಗ ದಡಿಯ ತಲೆ ಎತ್ತಿದ. ಬಂದಾಗಿನಿಂದ ಮೊದಲ ಮಾತು. "ನಡುವೆ ಟೀ ಕುಡಿಯೋಕೆ ಏನಾದ್ರೂ ಹೋಗಿದ್ಯಾ ಭಾವಾ? ಒಂದ್ ಸ್ವಲ್ಪ ಹೊತ್ತು?"

ಭಾವಾ. ಏನೋ ಕೆಲಸ ಆಗಬೇಕಾಗಿದೆ ಇವನಿಗೆ. ಸಂದಿ ಹುಡುಕುತ್ತಿದ್ದಾನೆ ಎಂದುಕೊಂಡ ಗೆರೆಯಪ್ಪ. "ಇಲ್ಲ."

"ಅಂಗಡಿಗೆ? ಹಿಂದಿನ ಬೀದಿಗೆ? ನೆನಪು ಮಾಡ್ಕೋ. ಹೋಗಿರ್ತೀಯ."

ಅವನ ದನಿ ಸಾಲ ಕೇಳುವವನ ಹಾಗಿತ್ತು. ಗೆರೆಯಪ್ಪನಿಗೆ ಅದು ಅರ್ಥವಾಗಲಿಲ್ಲ. "ಒಂದು ಹೆಜ್ಜೆಯೂ ಆಚೆ ಇಟ್ಟಿಲ್ಲ. ಮೆಷಿನ್ ಬಿಟ್ಟು ತಿರುಗೋ ಚಾಳಿ ನಿಂಗಿರಬಹುದು, ನಂಗಿಲ್ಲ."

ದಡಿಯ ಮತ್ತೆ ಕೇಳಲಿಲ್ಲ. ಎರಡನೆಯ ಸಲ ಕೇಳುವ ಅಭ್ಯಾಸ ಇವನಿಗೆ ಮೊದಲಿಂದಲೂ ಇಲ್ಲ ಎಂದು ಗೆರೆಯಪ್ಪ ಒಳಗೇ ಕಹಿಯಾದ; ಈಗಷ್ಟೇ ಎರಡನೆಯ ಸಲವೂ ಕೇಳಿದ್ದನೆಂಬುದು ಹೊಳೆಯಲಿಲ್ಲ.

ಅಧಿಕಾರಿ ಟೈಲರಮ್ಮನನ್ನು ಕರೆದರು. ಅವಳು ಕೊರಳಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಳು. ಸಾಕ್ಷಿ ಹೇಳುವುದು ಅವಳಿಗೆ ಬಹಳ ದಿನದ ಆಸೆಯಂತೆ ಕಂಡಿತು.

"ಇದ್ದ ಸ್ವಾಮಿ, ಇಲ್ದೆ ಏನು! ಮಧ್ಯಾಹ್ನ ಪೂರ್ತಿ ಕಿರ್ರೋ ಕಿರ್ರೋ. ನನ್ನ ತಲೆ ಹೋಳಾಗೋದು ಒಂದು ಬಾಕಿ. ನಡುವೆ ಒಂದ್ಸಲ ನಿಂತಿತ್ತು ಅಷ್ಟೆ. ಅಬ್ಬಾ ಅಂತ ಉಸಿರು ಬಿಟ್ಟೆ. ಸೂಜಿಗೆ ದಾರ ಪೋಣಿಸೋಷ್ಟರಲ್ಲಿ ಮತ್ತೆ ಶುರು."

ನಿಂತಿತ್ತೇ? ಗೆರೆಯಪ್ಪ ಮೆಷಿನ್ನಿನ ಕಡೆ ತಿರುಗಿ ನೋಡಿದ. ನಿಲ್ಲಲು ಸಾಧ್ಯವಿಲ್ಲ. ನಿಂತಿದ್ದರೆ ತಾನಾಗಿ ಮತ್ತೆ ಶುರುವಾಗಲು ಸಾಧ್ಯವೇ ಇಲ್ಲ. ಮುದುಕಿಗೆ ಯಾವುದೋ ಬೇರೆ ದಿನದ ನೆನಪು.

"ನಿಂತಿತ್ತಾ?" ಎಂದರು ಅಧಿಕಾರಿ, ಮಾತ್ರೆಯನ್ನು ಆಚೆಯ ಕೆನ್ನೆಗೆ ದಾಟಿಸಿ. "ಯಾಕೆ?"

ಉತ್ತರ ತಾನಾಗಿ ಬಂತು. ಎಷ್ಟು ಚೆನ್ನಾದ ಉತ್ತರವೆಂದರೆ, ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಬೇಸರವಾಯಿತು. ಯಾರೋ ಕೈ ಹಿಡಿದು ಕೊಟ್ಟ ಉಡುಗೊರೆ. "ನಾಝಲ್ ಬದಲಾಯಿಸಿದೆ ಸಾರ್. ಇಷ್ಟು ತೂತಿಗೆ ಒಂದು ಬಾಳೋದಿಲ್ಲ. ನಡುವೆ ನಿಲ್ಲಿಸಿ, ಬಿಚ್ಚಿ, ಹೊಸದು ಹಾಕಬೇಕು. ಮುಟ್ಟಿ ನೋಡಿ, ಈ ಸಾಲಿನವರೆಗೆ ತರಕಲಾಗ್ತಾ ಬಂದಿದೆ. ಇಲ್ಲಿಂದಾಚೆಗೆ ಹೇಗಿದೆ? ಬೆಣ್ಣೆ!" ಅವನ ದನಿಯಲ್ಲಿ ಹಳೆಯ ಹುರುಪು ಬಂತು. ಎಷ್ಟೋ ದಿನದ ಮೇಲೆ ಯಾರೋ ಅವನ ಕೆಲಸವನ್ನು ನಿಂತು ನೋಡುತ್ತಿದ್ದರು. "ಮೆಷಿನ್ ತಾನಾಗೇ ನಾಝಲ್ ಬದಲಾಯಿಸ್ಕೊಳ್ಳಲ್ಲ ಸಾರ್. ಅದಕ್ಕೆ ಮನುಷ್ಯ ಬೇಕು. ಮನುಷ್ಯ ಇಲ್ಲಿ ನಿಂತಿದ್ದ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ? ಇವನನ್ನೇ ಕೇಳಿ, ಇವನಿಗೂ ಕೆಲಸ ಗೊತ್ತು."

ಅಧಿಕಾರಿ ಅಂಚಿಗೆ ಬೆರಳಾಡಿಸಿ ತಲೆದೂಗಿದರು. "ಹೌದಾ?" ಎಂದು ದಡಿಯನ ಕಡೆ ತಿರುಗಿದರು.

ದಡಿಯ ಆ ನಯವಾದ ಎಲೆಗಳನ್ನೇ ನೋಡಿದ. ಆಮೇಲೆ ಬ್ಯಾಂಡೇಜು ಸುತ್ತಿದ ಬಲಗೈಯನ್ನು ಅಂಗಿಯ ಜೇಬಿಗೆ ಒಯ್ದ. ಕೈ ಜೇಬಿನೊಳಗೆ ಹೋಗಲಿಲ್ಲ. ಮತ್ತೆ ಪ್ರಯತ್ನಿಸಿದ, ಹೋಗಲಿಲ್ಲ. ಕೊನೆಗೆ ಬಾಗಿ, ಮಗು ಮಾಡುವ ಹಾಗೆ, ಜೇಬನ್ನೇ ಕೆಳಗಿನಿಂದ ತಳ್ಳಿ ಬೋರಲು ಮಾಡಿದ. ಒಂದು ಸೀಮೆಸುಣ್ಣದ ತುಂಡು ಬಿತ್ತು, ಅದರ ಹಿಂದೆಯೇ ಬೆರಳ ತುದಿಯಷ್ಟು ತಾಮ್ರದ ಮೂತಿಯೊಂದು ಟೇಬಲ್ಲಿನ ಮೇಲೆ ಗಣ್ ಎಂದು ಬಿದ್ದು, ಉರುಳಿ, ಗೆರೆಯಪ್ಪನ ಕೈಯ ಬಳಿ ನಿಂತಿತು. ಅದರ ತೂತು ಉರಿದು ಅಂಕುಡೊಂಕಾಗಿತ್ತು. "ಹಿಂದಿನ ಬಾಗಿಲಿಂದ ಬಂದೆ ಕಣೋ ನಿನ್ನೆ" ಎಂದ ದಡಿಯ, ಅಧಿಕಾರಿಯ ಕಡೆ ನೋಡದೆ. "ನಾನು ಬರ್ತಿದೀನಿ ಅಂತ ಹೇಳೋಕೆ ನಿನ್ ತಂಗಿ ಫೋನೂ ಮಾಡಿದ್ಲು. ಟಾರ್ಚಿನ ಗಂಟಲು ಕಟ್ಟಿತ್ತು, ಕೇಳ್ಕೊಂಡು ಇರೋಕಾಗ್ಲಿಲ್ಲ. ಬದಲಾಯ್ಸಿ, ಮಾಸ್ಕು ತೆಗೆದಿಟ್ಟು, ನನ್ನ ಸ್ಟೂಲಲ್ಲಿ ಕೂತು ಕಾದೆ, ಬೆಂಕಿ ಅಂತ ಫೋನ್ ಬರೋವರೆಗೂ. ಇನ್ನೊಂದ್ಸಲ ಕರೆಯೋಣ ಅಂತ ಬಂದಿದ್ದೆ ಗೆರೆಯಪ್ಪ."